ಕೋಪಾವೋಗುರ್‌ಗೆ ಹೊಸಬರೇ? ಮಗಳನ್ನು ಬ್ರೇಯ್ದಾಬ್ಲಿಕ್‌ಗೆ ಸೇರಿಸುವ ಬಗೆ

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಊರಿನ ಹೆಸರಲ್ಲೇ ಕೋಪ ಇದೆ ಅಂತ ಗಾಬರಿ ಬೇಡ. ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಕೋಪುರ್’ ಅಂದರೆ ಸೀಲ್ ಮರಿ, ‘ವೋಗುರ್’ ಅಂದರೆ ಸಮುದ್ರ ಒಳಗೆ ಚಾಚಿಕೊಂಡ ಜಾಗ. ಸೀಲ್ ಮರಿಗಳ ಕೊಲ್ಲಿ ಅಷ್ಟೇ. ರಾಜಧಾನಿ ರೇಕ್ಯಾವಿಕ್‌ಗೆ ತೆಂಕಣಕ್ಕೆ ಅಂಟಿಕೊಂಡಿದೆ. ಎಲ್ಲಿ ಆ ಊರು ಮುಗಿದು ಎಲ್ಲಿ ಈ ಊರು ಶುರುವಾಯಿತು ಅಂತ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ನನ್ನ ಗಂಡನಿಗೆ ಮಾತ್ರ ಈ ಹೆಸರಿನ ಮೇಲೆ ಜೋಕ್ ಮುಗಿದೇ ಇಲ್ಲ. ನಾನು ಗದರಿದಾಗಲೆಲ್ಲ "ಸರಿಯಾದ ಊರಿಗೇ ಬಂದಿದೀಯ" ಅನ್ನುತ್ತಾರೆ.

ಇನ್ನು ಮಕ್ಕಳು ಫುಟ್‌ಬಾಲ್ ಆಡಲು ಸೇರುವ ಕ್ಲಬ್ಬಿನ ಹೆಸರು. ಬರೆಯುವಾಗ ಬ್ರೇಯ್ದಾಬ್ಲಿಕ್. ಆದರೆ ಇಲ್ಲಿಯವರ ಬಾಯಲ್ಲಿ ‘ಬ’ ಅನ್ನುವುದು ನಮ್ಮ ಕಿವಿಗೆ ‘ಪ’ ಅಂತಲೇ ಕೇಳುತ್ತದೆ: ಪ್ರೇಯ್ದಾಪ್ಲಿಕ್. ಆ ‘ದ’ ಕೂಡ ಗಟ್ಟಿ ‘ದ’ ಅಲ್ಲ, ನಾಲಿಗೆಯ ತುದಿ ಹಲ್ಲಿಗೆ ಸುಮ್ನೆ ತಾಗಿಸಿ ಬಿಟ್ಟ ಹಾಗೆ. ಹಳೆಯ ನಾರ್ಡಿಕ್ ಪುರಾಣದಲ್ಲಿ ಬಾಲ್ದುರ್ ಅನ್ನುವ ದೇವರ ಮನೆಗೆ ಈ ಹೆಸರು. ದೂರದವರೆಗೂ ಹೊಳೆಯುವಂಥದ್ದು ಅಂತ ಅರ್ಥ. ಕ್ಲಬ್ಬಿನವರು, ಅಭಿಮಾನಿಗಳು ಎಲ್ಲರೂ ಚಿಕ್ಕದಾಗಿ ‘ಬ್ಲಿಕಾರ್’. ಬಣ್ಣ ಹಸಿರು. ಹುಟ್ಟಿದ್ದು 1950ರ ಫೆಬ್ರುವರಿಯಲ್ಲಿ.

ನಾವು ಬಂದಿದ್ದು 2021ರ ಆಗಸ್ಟ್‌ನಲ್ಲಿ. ಮಗಳಿಗೆ ಆಗ ಆರು ವರ್ಷ. ಭಾಷೆ ಬಾರದು, ಶಾಲೆಯಿಂದ ಬಂದರೆ ಮಾತಿಲ್ಲ. "ಏನಾದರೂ ಆಟಕ್ಕೆ ಹಾಕಿ" ಅಂತ ಅವಳ ಟೀಚರ್ ಹೇಳಿದರು. ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಒಂದೊಂದೇ ತಪ್ಪು ಮಾಡಿ ಕಲಿತೆ. ಈಗ ಹೊಸದಾಗಿ ಬರುವ ಕನ್ನಡದ ಮನೆಗಳವರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಈ ಕ್ಲಬ್ಬನ್ನು ಮೇಲಿನಿಂದ ನೋಡಲು ಹೋಗಬೇಡಿ, ಕೆಳಗಿನಿಂದ ನೋಡಿ. ಐಸ್‌ಲ್ಯಾಂಡಿನ ಮಹಿಳಾ ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಸಲ ಲೀಗ್ ಗೆದ್ದವರು ಇವರೇ. ಮೊದಲ ಸಲ 1977ರಲ್ಲಿ, 2024ರದ್ದು 19ನೆಯದು, 2025ರಲ್ಲಿ ಮತ್ತೆ ಗೆದ್ದರು. ಆದರೆ ಈ ಲೆಕ್ಕ ಬಾಯಿಪಾಠ ಮಾಡಿದರೆ ಕ್ಲಬ್ಬು ಅರ್ಥವಾಗುವುದಿಲ್ಲ. ಜನವರಿಯ ಒಂದು ಮಂಗಳವಾರ ಸಂಜೆ, ಒಳಾಂಗಣ ಮೈದಾನದಲ್ಲಿ, ಬೂಟಿನ ದಾರ ಕಟ್ಟಲು ಬಾರದ ಇಪ್ಪತ್ತು ಹುಡುಗಿಯರ ನಡುವೆ ಅರ್ಧ ಗಂಟೆ ನಿಂತರೆ ತಾನಾಗೇ ಅರ್ಥವಾಗುತ್ತದೆ.

ಯಾವ ಗುಂಪು ಅಂತ ಮೊದಲು ತಿಳಿದುಕೊಳ್ಳಿ

ಇಲ್ಲಿ ಮಕ್ಕಳನ್ನು ‘ಫ್ಲೊಕ್ಕುರ್’ ಅಂತ ಗುಂಪು ಮಾಡುತ್ತಾರೆ. ಎಣಿಕೆ ಮಾತ್ರ ತಲೆಕೆಳಗು. ಎಂಟನೇ ಫ್ಲೊಕ್ಕುರ್ ಅಂದರೆ ಶಾಲೆಗೆ ಹೋಗುವ ಮುಂಚಿನ ಚಿಳ್ಳೆಗಳು. ಏಳನೆಯದು ಒಂದು, ಎರಡನೇ ಕ್ಲಾಸಿನವರು. ಆರನೆಯದು ಮೂರು, ನಾಲ್ಕನೇ ಕ್ಲಾಸಿನವರು. ಹೀಗೆ ವಯಸ್ಸು ಏರಿದಂತೆ ಸಂಖ್ಯೆ ಇಳಿಯುತ್ತಾ ಹೋಗಿ, ಎರಡನೇ ಫ್ಲೊಕ್ಕುರ್‌ನಲ್ಲಿ ಹದಿನೇಳರಿಂದ ಹತ್ತೊಂಬತ್ತರವರು. ಅದರ ಮೇಲೆ ‘ಮೇಯ್ಸ್ತಾರಾಫ್ಲೊಕ್ಕುರ್’, ಅಂದರೆ ಚಾಂಪಿಯನ್ನರ ಗುಂಪು, ಟೀವಿಯಲ್ಲಿ ಬರುವ ಸೀನಿಯರ್ ತಂಡ. ಕೆಳಗಿನ ಮೆಟ್ಟಿಲಿನಿಂದ ಮೇಲಿನವರೆಗೆ ಒಂದೇ ಏಣಿ, ಒಂದೇ ಜರ್ಸಿ, ಒಂದೇ ಮೈದಾನ.

ಗುಂಪು ಮಾಡುವುದು ಹುಟ್ಟಿದ ಇಸವಿ ನೋಡಿ. ತಿಂಗಳು ನೋಡುವುದಿಲ್ಲ. ಜನವರಿಯಲ್ಲಿ ಹುಟ್ಟಿದವಳೂ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಟ್ಟಿಗೆ. ಹೊಸ ಗುಂಪಿಗೆ ಏರುವುದು ಶರತ್ಕಾಲದಲ್ಲಿ, ಬೇಸಿಗೆಯ ಪಂದ್ಯಗಳೆಲ್ಲ ಮುಗಿದ ಮೇಲೆ. ಇದು ತಿಳಿಯದೆ ನಾನು ಒಂದು ವಾರ ತಪ್ಪು ಗುಂಪಿನ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋದೆ. ಅವಳಿಗಿಂತ ಒಂದು ಮೊಳ ಎತ್ತರದ ಹುಡುಗಿಯರ ಜೊತೆ ಪಾಪ ಓಡಿದಳು. ಯಾರೂ ಏನೂ ಹೇಳಲಿಲ್ಲ. ಇಲ್ಲಿಯವರು ಹಾಗೆ ತಟ್ಟನೆ ಹೇಳುವ ಜನ ಅಲ್ಲ. ನೀವೇ ಕೇಳಬೇಕು.

ಊರಿನಲ್ಲಿ ಇನ್ನೊಂದು ದೊಡ್ಡ ಕ್ಲಬ್ ಇದೆ, ಹೌ ಕೌ, ಅಂದರೆ ಎಚ್‌ಕೆ. ಅವರದು ಕೆಂಪು ಬಿಳಿ. ನಿಮ್ಮ ಮನೆ ಊರಿನ ಮೇಲಿನ ಭಾಗದಲ್ಲಿದ್ದರೆ ಅದೇ ಹತ್ತಿರವಾಗಬಹುದು. ಆಗ ಸುಮ್ನೆ ಅಲ್ಲಿಗೇ ಹಾಕಿ. ಮಗುವಿನ ಶಾಲೆಯ ಗೆಳತಿಯರು ಎಲ್ಲಿ ಹೋಗುತ್ತಾರೋ ಅದೇ ಸರಿಯಾದ ಕ್ಲಬ್. ನಾನು ಹಸಿರಿನವಳು, ಆದರೂ ಇದನ್ನು ಹೇಳುತ್ತಿದ್ದೇನೆ.

ಹೆಸರು ನೋಂದಾಯಿಸುವುದು

ಮೊದಲು ಮಗುವಿಗೆ ‘ಕೆನ್ನಿತಾಲಾ’ ಬಂದಿರಬೇಕು. ಹತ್ತು ಅಂಕಿಯ ಗುರುತಿನ ಸಂಖ್ಯೆ ಅದು, ಮೊದಲ ಆರು ಅಂಕಿ ಹುಟ್ಟಿದ ದಿನಾಂಕ. ಅದಿಲ್ಲದೆ ಈ ದೇಶದಲ್ಲಿ ಲೈಬ್ರರಿ ಕಾರ್ಡೂ ಕಷ್ಟ. ನಿಮ್ಮ ಫೋನಿನಲ್ಲಿ ಎಲೆಕ್ಟ್ರಾನಿಕ್ ಗುರುತು ಇರಬೇಕು. ಅದನ್ನು ಬ್ಯಾಂಕಿನಲ್ಲೋ ಫೋನ್ ಕಂಪನಿಯಲ್ಲೋ ಮಾಡಿಸಿಕೊಳ್ಳಿ. ಇವೆರಡೂ ಆದ ಮೇಲೆ ‘ಏಬ್ಲರ್’ ಅನ್ನುವ ಆಪ್. ನೋಂದಣಿ, ಫೀಸು, ಪ್ರಾಕ್ಟೀಸಿನ ವೇಳೆ, ಪಂದ್ಯದ ಸುದ್ದಿ ಎಲ್ಲ ಅದರಲ್ಲೇ. ಹಳಬರು ಈಗಲೂ ಅದನ್ನು ಹಳೆಯ ಹೆಸರಲ್ಲಿ ‘ಸ್ಪೋರ್ಟ್‌ಏಬ್ಲರ್’ ಅಂತಲೇ ಕರೆಯುತ್ತಾರೆ.

ಫೀಸು ಕಟ್ಟುವ ಮುಂಚೆ ಒಂದು ನಿಮಿಷ ನಿಲ್ಲಿ. ಮಕ್ಕಳ ಆಟಪಾಠಕ್ಕೆ ಪ್ರತಿ ವರ್ಷ ಊರಿನ ಆಡಳಿತ ಇಂತಿಷ್ಟು ದುಡ್ಡು ಕೊಡುತ್ತದೆ. ಹೆಸರು ‘ಫ್ರೀಸ್ತುಂದಾಸ್ತಿರ್ಕುರ್’. ಒಂದೇ ಉಸಿರಿಗೆ ಹೇಳಲು ನನಗೆ ಆರು ತಿಂಗಳು ಬೇಕಾಯಿತು. ದುಡ್ಡು ಕೈಗೆ ಬರುವುದಿಲ್ಲ, ಫೀಸಿನಲ್ಲೇ ಕಳೆಯುತ್ತದೆ. ನೋಂದಣಿ ಮಾಡುವಾಗ ಅದನ್ನು ಬಳಸುತ್ತೀರಾ ಅಂತ ಕೇಳುತ್ತದೆ, ಹೌದು ಅಂತ ಒತ್ತಬೇಕು. ನಾನು ಭಾಷೆ ಅರ್ಥವಾಗದೆ ಅದನ್ನು ದಾಟಿ ಮುಂದೆ ಹೋಗಿ ಪೂರ್ತಿ ಕ್ರೋನಾ ಕಟ್ಟಿದೆ. ಆಮೇಲೆ ಅದನ್ನು ಸರಿಪಡಿಸಲು ನಾಲ್ಕು ಇಮೇಲ್.

ಸಾಮಾನು ಜಾಸ್ತಿ ಬೇಡ. ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ಬೇಕೇ ಬೇಕು. ಬೂಟಿಗೆ ಗಿಡ್ಡ ಸ್ಟಡ್ ಇರಲಿ, ಯಾಕೆಂದರೆ ಇಲ್ಲಿ ಆಡುವುದು ಬಹುಪಾಲು ಕೃತಕ ಹುಲ್ಲಿನ ಮೇಲೆ. ಹೊಸ ಬೂಟು ಕೊಂಡರೆ ಆರು ತಿಂಗಳಿಗೆ ಕಾಲು ಹಿಡಿಸುವುದಿಲ್ಲ. ಬಾರ್ನಾಲೋಪ್ಪಾನ್ ಅಂತ ಮಕ್ಕಳ ಸೆಕೆಂಡ್ ಹ್ಯಾಂಡ್ ಅಂಗಡಿ ರೇಕ್ಯಾವಿಕ್‌ನಲ್ಲಿದೆ, ಅಲ್ಲಿ ನೋಡಿ. ಅದಕ್ಕಿಂತ ಒಳ್ಳೆಯದು ಮಗಳ ಗುಂಪಿಗಿಂತ ಒಂದು ವರ್ಷ ದೊಡ್ಡವರ ತಾಯಂದಿರನ್ನು ಕೇಳುವುದು. ಒಳಗೆ ಹಾಕಲು ಉಣ್ಣೆಯ ಬಟ್ಟೆ ಇರಲಿ. ಹತ್ತಿ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿಕೊಂಡರೆ, ಆ ಗಾಳಿಯಲ್ಲಿ ಮಗು ಎರಡೇ ನಿಮಿಷಕ್ಕೆ ನಡುಗುತ್ತದೆ.

ಆಮೇಲೆ ಕಪ್ಪು ಚೂರು. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕೃತಕ ಹುಲ್ಲಿನ ನಡುವೆ ಸಾಸಿವೆ ಕಾಳಿನಷ್ಟು ರಬ್ಬರ್ ಚೂರು ಹಾಕಿರುತ್ತಾರೆ. ಅದು ಬೂಟಿನೊಳಗೆ, ಸಾಕ್ಸಿನ ನೂಲಿನ ನಡುವೆ, ಕೂದಲಲ್ಲಿ ಕೂತು ಮನೆಗೆ ಬರುತ್ತದೆ. ಮೊದಲ ತಿಂಗಳು ಮಗಳ ಹಾಸಿಗೆಯಲ್ಲಿ ನೋಡಿ ಇದೇನು ಹುಳುವೋ ಅಂತ ಹೆದರಿದೆ. ಒಗ್ಗರಣೆ ಡಬ್ಬಿ ಚೆಲ್ಲಿದೆಯಾ ಅಂತ ಗಂಡ ಕೇಳಿದರು. ಸಾಕ್ಸನ್ನು ಒಳಗು ಹೊರಗು ಮಾಡಿ, ಬಾಲ್ಕನಿಯ ಕಂಬಿಗೆ ನಾಲ್ಕು ಸಲ ಬಡಿದು ಆಮೇಲೆ ವಾಷಿಂಗ್ ಮಷಿನ್ನಿಗೆ ಹಾಕಿ. ಇಲ್ಲದಿದ್ದರೆ ಮಷಿನ್ನಿನ ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಬೇಕಾಗುತ್ತದೆ.

ಪ್ರಾಕ್ಟೀಸಿಗೆ ಮೊದಲ ದಿನ

ಚಳಿಗಾಲದಲ್ಲಿ ಆಟ ‘ಫೀವಾನ್’ ಒಳಗೆ. ಬರೆಯುವುದು ನೋಡಿದರೆ ಅದು ಫಿಫಾ ಸಂಸ್ಥೆ ಅನ್ನಿಸುತ್ತದೆ. ಅಲ್ಲ. ‘ಫೀವಾ’ ಅಂದರೆ ಜೌಗಿನಲ್ಲಿ ಬೆಳೆಯುವ, ತುದಿಯಲ್ಲಿ ಹತ್ತಿಯಂಥ ಬಿಳಿ ಹೂ ಬಿಡುವ ಹುಲ್ಲು. 2002ರಲ್ಲಿ ತೆರೆದ ಈ ಕಟ್ಟಡದೊಳಗೆ ಪೂರ್ತಿ ಅಳತೆಯ ಫುಟ್‌ಬಾಲ್ ಮೈದಾನವೇ ಇದೆ. ಮೊದಲ ಸಲ ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗ ನಾನು ಬಾಯಿ ತೆರೆದು ನಿಂತೆ. ಹೊರಗೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಹಿಮದ ಗಾಳಿ ಅಡ್ಡಕ್ಕೆ ಹೊಡೆಯುತ್ತಿದೆ. ಒಳಗೆ ಬೆಳಕು, ಹಸಿರು, ನೂರಾರು ಮಕ್ಕಳ ಕಿರುಚಾಟ. ಇಂಥ ದೊಡ್ಡ ಒಳಾಂಗಣಗಳು 2000ದ ನಂತರ ದೇಶದಲ್ಲಿ ಒಂದಾದ ಮೇಲೊಂದು ಎದ್ದವು. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಜಲ್ಲಿ ಮಣ್ಣಿನ ಮೈದಾನದಲ್ಲಿ ಆಡುತ್ತಿದ್ದರಂತೆ. ಐವತ್ತು ದಾಟಿದ ಯಾವ ಬ್ಲಿಕಾರ್ ಹೆಂಗಸನ್ನಾದರೂ ಮೊಣಕಾಲು ತೋರಿಸಿ ಅನ್ನಿ, ಗಾಯದ ಗುರುತು ತೋರಿಸುತ್ತಾಳೆ.

ಬೂಟಿನ ದಾರವನ್ನು ಮನೆಯಲ್ಲೇ ಕಟ್ಟಿ ಕಳಿಸಬೇಡಿ, ಕಟ್ಟಲು ಕಲಿಸಿ ಕಳಿಸಿ. ನಮ್ಮ ಮಗಳ ದಾರ ಮೊದಲ ದಿನವೇ ಬಿಚ್ಚಿತು. ನಾನು ಗೆರೆ ದಾಟಿ ಒಳಗೆ ಓಡಿದೆ. ಅಷ್ಟರಲ್ಲಿ ಸಹಾಯಕ ಕೋಚ್ ಹುಡುಗಿ ಮಂಡಿಯೂರಿ ಕೂತಿದ್ದಳು. ಎರಡನೇ ಫ್ಲೊಕ್ಕುರ್‌ನಲ್ಲಿ ಆಡುವ ಹದಿನೇಳರ ಹುಡುಗಿ. ಅವಳು ದಾರ ಕಟ್ಟಲಿಲ್ಲ. ಒಂದು ಕಿವಿ ಮಾಡಿ ತೋರಿಸಿದಳು, ಇನ್ನೊಂದು ಕಿವಿ ನನ್ನ ಮಗಳ ಕೈಯಲ್ಲಿ ಮಾಡಿಸಿದಳು. ಸುತ್ತ ಹತ್ತೊಂಬತ್ತು ಮಕ್ಕಳು ಕಾಯುತ್ತಿದ್ದರು. ಯಾರಿಗೂ ಅವಸರ ಇರಲಿಲ್ಲ. ನಾನು ಮೆಲ್ಲಗೆ ಗೆರೆಯಾಚೆಗೆ ವಾಪಸ್ ಬಂದೆ.

ಅವತ್ತು ನಾನು ಅವಳನ್ನು ಮೇಡಂ ಅಂತ ಕರೆದೆ. ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರೋ ಬಂದಿದ್ದಾರೆ ಅಂತ. ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ. ಕೋಚನ್ನೂ, ಟೀಚರನ್ನೂ, ದೇಶದ ಅಧ್ಯಕ್ಷರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಕುಟುಂಬದ ಹೆಸರು ಅಂತ ಬಹುಪಾಲು ಜನಕ್ಕೆ ಇಲ್ಲವೇ ಇಲ್ಲ. ಅಪ್ಪನದೋ ಅಮ್ಮನದೋ ಹೆಸರಿಗೆ ‘ದೋತ್ತಿರ್’, ಅಂದರೆ ಮಗಳು, ಅಂತ ಸೇರಿಸುತ್ತಾರೆ. ಸಂಸ್ಕೃತದ ‘ದುಹಿತೃ’ ಇದೇ ಪದದ ದೂರದ ಅಕ್ಕ. ತಂಡದ ಪಟ್ಟಿ ನೋಡಿದರೆ ಸಾಲಾಗಿ ಹನ್ನೊಂದು ದೋತ್ತಿರ್‌ಗಳು. ಹಾಗಾಗಿ ಮೊದಲ ಹೆಸರು ನೆನಪಿಡಿ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಂದು ವರ್ಷ ತಡವರಿಸಿತು, ಅದು ಬೇರೆ ಮಾತು.

ದೊಡ್ಡ ಪಂದ್ಯ ನೋಡಲು ಹೋಗುವುದು

ಮಗಳು ಸೇರಿ ಎರಡು ವಾರ ಆದ ಮೇಲೆ ಸೀನಿಯರ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋಗಿ. ಮೈದಾನದ ಹೆಸರು ಕೋಪಾವೋಗ್ಸ್‌ವೊಟ್ಲುರ್. ಬರೆಯುವಾಗ ಎರಡು ‘ಲ’, ಹೇಳುವಾಗ ‘ಟ್ಲ’. ಅದು ಫೀವಾನ್‌ನ ಹತ್ತಿರವೇ, ಕಣಿವೆಯಲ್ಲಿದೆ. ರೇಕ್ಯಾವಿಕ್ ಕಡೆಯಿಂದ ಬರುವುದಾದರೆ 1ನೇ ನಂಬರ್ ಬಸ್ಸಿನಲ್ಲಿ ಹಾಮ್ರಾಬೋರ್ಗ್‌ನಲ್ಲಿ ಇಳಿದು, ಇಳಿಜಾರಿನಲ್ಲಿ ನಡೆದುಕೊಂಡು ಬನ್ನಿ. ಬಸ್ ಟಿಕೆಟಿಗೆ ‘ಕ್ಲಾಪ್’ ಆಪ್, ಪಂದ್ಯದ ಟಿಕೆಟಿಗೆ ‘ಸ್ತುಬ್ಬುರ್’ ಆಪ್. ಆಪ್ ಇಲ್ಲದಿದ್ದರೆ ಈ ದೇಶದಲ್ಲಿ ಉಸಿರಾಡುವುದೂ ಕಷ್ಟ.

ಲೀಗಿನ ಹೆಸರು ‘ಬೆಸ್ಟಾ ಡೇಲ್ಡ್’. ಬೆಸ್ಟ್ ಲೀಗ್ ಅಂತಲೇ ಅರ್ಥ, ನಾಚಿಕೆಯಿಲ್ಲದೆ ಇಟ್ಟಿದ್ದಾರೆ. ಹತ್ತು ತಂಡ. ಏಪ್ರಿಲ್‌ನಲ್ಲಿ ಶುರುವಾಗಿ ಅಕ್ಟೋಬರ್‌ವರೆಗೆ. ಹದಿನೆಂಟು ಸುತ್ತು ಆದ ಮೇಲೆ ಮೇಲಿನ ಆರು ತಂಡ ತಮ್ಮೊಳಗೆ, ಕೆಳಗಿನ ನಾಲ್ಕು ತಂಡ ತಮ್ಮೊಳಗೆ ಆಡುತ್ತವೆ. ವಾರದ ದಿನವಾದರೆ ಪಂದ್ಯ ಸಂಜೆ ಆರಕ್ಕೆ, ಇಲ್ಲವೇ ಏಳೂ ಕಾಲಿಗೆ. ಆ ಕಾಲು ಗಂಟೆಯ ಗುಟ್ಟು ಇನ್ನೂ ಯಾರೂ ನನಗೆ ಬಿಡಿಸಿ ಹೇಳಿಲ್ಲ.

ಕೊಡೆ ತರಬೇಡಿ. ನಾನು ತಂದಿದ್ದೆ. ಹೊಸ ಕೊಡೆ, ಹೂವಿನ ಚಿತ್ರದ್ದು. ಬಿಚ್ಚಿದ ಕೂಡಲೇ ಅದು ಕಮಲದ ಹಾಗೆ ಮೇಲಕ್ಕೆ ಅರಳಿ, ಕೈಯಿಂದ ಕಿತ್ತುಕೊಂಡು, ಎರಡು ಸಾಲು ಕೆಳಗೆ ಕೂತಿದ್ದ ಅಜ್ಜನ ಕಾಲ ಬಳಿ ಬಿತ್ತು. ಅಜ್ಜ ಎತ್ತಿ, ಕಡ್ಡಿಗಳನ್ನು ಒಂದೊಂದಾಗಿ ನೇರ ಮಾಡಿ, ಮಡಿಸಿ ವಾಪಸ್ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಆಮೇಲೆ ಸುತ್ತ ನೋಡಿದೆ, ಇಡೀ ಮೈದಾನದಲ್ಲಿ ಕೊಡೆ ನನ್ನದೊಂದೇ. ಮಳೆ ಇಲ್ಲಿ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ಸ್ಟ್ಯಾಂಡಿಗೆ ಸೂರಿದ್ದರೂ ಅಷ್ಟೇ. ಟೋಪಿ ಇರುವ ಗಟ್ಟಿ ಜಾಕೆಟ್, ಒಳಗೆ ಉಣ್ಣೆಯ ಸ್ವೆಟರ್, ಕೂರಲು ಒಂದು ದಪ್ಪ ಬಟ್ಟೆ. ಜುಲೈನಲ್ಲೂ ಸರಿ.

ತಿನ್ನಲು ‘ಪಿಲ್ಸಾ’, ಅಂದರೆ ಹಾಟ್ ಡಾಗ್. ಕುರಿ ಮಾಂಸ ಜಾಸ್ತಿ ಇರುತ್ತದೆ. ಎಲ್ಲ ಹಾಕಿ ಕೊಡಿ ಅಂದರೆ ಹಸಿ ಈರುಳ್ಳಿ, ಗರಿಗರಿ ಹುರಿದ ಈರುಳ್ಳಿ, ಸಾಸಿವೆ, ರೆಮೌಲಾಡ್ ಅಂತ ಒಂದು ಸಾಸ್ ಎಲ್ಲ ಬರುತ್ತದೆ. ನಾವು ಸಸ್ಯಾಹಾರಿಗಳು. ಸಾಸೇಜ್ ಬೇಡ, ಬಾಕಿ ಎಲ್ಲ ಹಾಕಿ ಅಂತ ಕೇಳಿದೆ. ಅಲ್ಲಿ ನಿಂತಿದ್ದ ಹುಡುಗ ಎರಡು ಸಲ ಕೇಳಿ ಖಾತರಿ ಮಾಡಿಕೊಂಡ. ಹುರಿದ ಈರುಳ್ಳಿಯ ಬನ್ ಕೆಟ್ಟದಾಗಿರಲಿಲ್ಲ. ಅದಕ್ಕಿಂತ ‘ಕ್ಲೇಯ್ನಾ’ ಸಿಕ್ಕರೆ ಬಿಡಬೇಡಿ. ಹಿಟ್ಟನ್ನು ಗಂಟು ಹಾಕಿ ಕರಿದದ್ದು. ಬಾಯಿಗಿಟ್ಟರೆ ಏಲಕ್ಕಿ ಘಮ! ಮೊದಲ ಸಲ ತಿಂದಾಗ ಕಣ್ಣಲ್ಲಿ ನೀರು ಬಂತು. ಎಣ್ಣೆಯಲ್ಲಿ ಕರಿದ ಏಲಕ್ಕಿ ವಾಸನೆ ಯಾವ ದೇಶದಲ್ಲಾದರೂ ಹಬ್ಬದ ವಾಸನೆಯೇ, ಅಲ್ವಾ?

ಕೂಗಲು ಮೂರು ಮಾತು ಸಾಕು. ‘ಔಫ್ರಾಮ್ ಬ್ರೇಯ್ದಾಬ್ಲಿಕ್’, ಮುನ್ನುಗ್ಗಿ ಅಂತ. ‘ಕೋಮಾ ಸ್ವೋ’, ಬನ್ನಿ ಬನ್ನಿ ಅಂತ. ‘ವೆಲ್ ಗ್ಯೆರ್ತ್’, ಚೆನ್ನಾಗಿ ಮಾಡಿದೆ ಅಂತ. ಕೊನೆಯದನ್ನು ಜಾಸ್ತಿ ಬಳಸಿ.

ನಾವು ನೋಡಿದ ಮೊದಲ ಪಂದ್ಯವೇ ಎಂಥದ್ದು ಅಂತ ಆಗ ನಮಗೆ ಗೊತ್ತಿರಲಿಲ್ಲ. 2021ರ ಅಕ್ಟೋಬರ್ 6. ಎದುರಾಳಿ ಫ್ರಾನ್ಸಿನ ಪ್ಯಾರಿಸ್ ಸೇಂಟ್ ಜರ್ಮೇನ್. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಗುಂಪು ಹಂತ ಅಂತ ಶುರುವಾದದ್ದೇ ಆ ವರ್ಷ. ಹದಿನಾರು ತಂಡಗಳಲ್ಲಿ ನಮ್ಮ ಬ್ಲಿಕಾರ್ ಕೂಡ ಒಬ್ಬರು. ಯುರೋಪಿನ ಟೂರ್ನಿಯೊಂದರ ಗುಂಪು ಹಂತ ಮುಟ್ಟಿದ ಮೊದಲ ಐಸ್‌ಲ್ಯಾಂಡ್ ತಂಡ ಇದು, ಗಂಡಸರನ್ನೂ ಸೇರಿಸಿ. ದೇಶದ ಜನಸಂಖ್ಯೆಯೇ ಸುಮಾರು ನಾಲ್ಕು ಲಕ್ಷ ಅನ್ನುವುದು ನೆನಪಿರಲಿ. ಗುಂಪಿನಲ್ಲಿ ಪ್ಯಾರಿಸ್, ರಿಯಲ್ ಮ್ಯಾಡ್ರಿಡ್, ಉಕ್ರೇನಿನ ಖಾರ್ಕಿವ್. ಅವತ್ತು 2-0 ಸೋತರು. ಡಿಸೆಂಬರಿನಲ್ಲಿ ರಿಯಲ್ ಮ್ಯಾಡ್ರಿಡ್ ಬಂದಾಗ ಮತ್ತೆ ಹೋದೆವು, 3-0 ಸೋತರು. ಆರು ಪಂದ್ಯದಲ್ಲಿ ಒಂದೂ ಗೋಲಿಲ್ಲ, ಖಾರ್ಕಿವ್‌ನಲ್ಲಿ ಗೋಲಿಲ್ಲದ ಸಮ ಆಟದಿಂದ ಸಿಕ್ಕಿದ್ದು ಒಂದೇ ಒಂದು ಪಾಯಿಂಟ್.

ನಾನು ಅಂದುಕೊಂಡೆ, ಇನ್ನು ಎಲ್ಲರೂ ತಲೆ ತಗ್ಗಿಸಿ ಹೋಗುತ್ತಾರೆ ಅಂತ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಹೆಂಗಸು ಒಬ್ಬ ಆಟಗಾರ್ತಿಯನ್ನು ತೋರಿಸಿ "ಅವಳು ನನ್ನ ಮಗಳ ಕೋಚ್ ಆಗಿದ್ದಳು" ಅಂದಳು. ಅವಳ ಹಿಂದಿನ ಸಾಲಿನಿಂದ ಇನ್ನೊಬ್ಬಳು "ನನ್ನ ಮಗನಿಗೂ" ಅಂದಳು. ರಿಯಲ್ ಮ್ಯಾಡ್ರಿಡ್ ಎದುರು ಆಡುವವಳು ಊರಿನ ಮಕ್ಕಳಿಗೆ ಆಟ ಹೇಳಿಕೊಟ್ಟವಳು. ಸೋಲನ್ನು ಇವರು ಬೇರೆ ಥರ ಎಣಿಸುತ್ತಾರೆ ಅಂತ ನನಗೆ ಹೊಳೆದದ್ದು ಅಲ್ಲಿ.

ಗೆಲುವಿನ ದಿನವೂ ನೋಡಿದ್ದೇನೆ. 2024ರ ಅಕ್ಟೋಬರ್, ಲೀಗಿನ ಕೊನೆಯ ಪಂದ್ಯ, ವಾಲುರ್ ತಂಡದ ಮೈದಾನ ಹ್ಲೀದಾರೆಂದಿಯಲ್ಲಿ. ವಾಲುರ್ ಹಿಂದಿನ ವರ್ಷದ ಚಾಂಪಿಯನ್, ಕೆಂಪು ಬಣ್ಣದವರು. ಸಮ ಆದರೆ ಕಪ್ ನಮ್ಮದು, ಸೋತರೆ ಅವರದು. ತೊಂಬತ್ತು ನಿಮಿಷ ಒಂದೂ ಗೋಲಿಲ್ಲ. ಫುಟ್‌ಬಾಲ್ ಬೇಜಾರು ಅನ್ನುವವರು ಇಂಥ 0-0 ಒಂದನ್ನು ನೋಡಬೇಕು. ಕೊನೆಯ ಹತ್ತು ನಿಮಿಷ ನಾನು ನೋಡಲೇ ಇಲ್ಲ, ಮಗಳ ಟೋಪಿಯೊಳಗೆ ಮುಖ ಇಟ್ಟುಕೊಂಡಿದ್ದೆ. ಅವಳೇ ವರದಿ ಒಪ್ಪಿಸುತ್ತಿದ್ದಳು.

ಆಡಿ ಹೊರಟುಹೋದವರ ಬಗ್ಗೆ ಮಗಳು ಕೇಳುತ್ತಾಳೆ, ಅದಕ್ಕೂ ತಯಾರಿರಿ. ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತ್ತಿರ್ ಇಲ್ಲಿ ಆಡಿ ಸ್ವೀಡನ್‌ಗೆ, ಜರ್ಮನಿಗೆ ಹೋಗಿ, 2020ರಲ್ಲಿ ಫ್ರಾನ್ಸಿನ ಲಿಯಾನ್ ಪರವಾಗಿ ಚಾಂಪಿಯನ್ಸ್ ಲೀಗ್ ಫೈನಲಿನಲ್ಲಿ ಗೋಲು ಹೊಡೆದು ಕಪ್ ಎತ್ತಿದಳು. ಆಮೇಲೆ ಬಸುರಿಯಾದಾಗ ಲಿಯಾನ್ ಕ್ಲಬ್ಬು ಪೂರ್ತಿ ಸಂಬಳ ಕೊಡಲಿಲ್ಲ ಅಂತ ಫಿಫಾಗೆ ದೂರು ಕೊಟ್ಟು, 2022ರಲ್ಲಿ ಗೆದ್ದಳು. ಗೋಲಿಗಿಂತ ಆ ಗೆಲುವನ್ನೇ ಇಲ್ಲಿಯ ತಾಯಂದಿರು ಜಾಸ್ತಿ ಹೇಳುತ್ತಾರೆ. ಸ್ವೇಯ್ನ್‌ದೀಸ್ ಜೇನ್ ಯೋನ್ಸ್‌ದೋತ್ತಿರ್ ಕೆಪ್ಲಾವಿಕ್‌ನ ಹುಡುಗಿ. 2020ರಲ್ಲಿ ಒಂದೇ ಸೀಸನ್ ಅಲ್ಲಿಯ ಕ್ಲಬ್ಬಿನಿಂದ ಸಾಲವಾಗಿ ಇಲ್ಲಿಗೆ ಬಂದು ಲೀಗ್ ಗೆಲ್ಲಿಸಿ ಜರ್ಮನಿಯ ವೋಲ್ಫ್ಸ್‌ಬುರ್ಗ್‌ಗೆ ಹೋದಳು. ಅವಳ ಉದ್ದನೆಯ ಥ್ರೋ ಇನ್ ನೋಡಿ ನನ್ನ ಮಗಳು ಮನೆಯ ದಿಂಬನ್ನೆಲ್ಲ ಎಸೆದು ಅಭ್ಯಾಸ ಮಾಡಿದ್ದಾಳೆ. ಲೈಟಿನ ಗ್ಲಾಸು ಒಂದು ಹೋಯಿತು.

ಜುಲೈ ಬಂದರೆ ರಜೆ ಹಾಕಿ

ನೀವು ಸುಮ್ನೆ ನೋಡುವವರಾಗಿ ಉಳಿಯುವುದು ಇಲ್ಲಿ ಮುಗಿಯುತ್ತದೆ. ಪ್ರತಿ ಬೇಸಿಗೆ ಜುಲೈನಲ್ಲಿ ‘ಸೀಮಾಮೋತಿದ್’. ಯಾವುದೋ ಸೀಮಾ ಅನ್ನುವ ಹುಡುಗಿಯ ನೆನಪಿಗೆ ಮಾಡುತ್ತಾರೆ ಅಂತ ಮೊದಲ ವರ್ಷ ಪೂರ್ತಿ ನಂಬಿಕೊಂಡಿದ್ದೆ. ಅಮ್ಮನಿಗೂ ಫೋನಿನಲ್ಲಿ ಹಾಗೇ ಹೇಳಿದ್ದೆ, ಅವರು ಪಾಪ ಅಂದಿದ್ದರು. ‘ಸೀಮಿ’ ಅಂದರೆ ಟೆಲಿಫೋನು, ಫೋನ್ ಕಂಪನಿಯ ಪ್ರಾಯೋಜಕತ್ವ ಅಷ್ಟೇ. ಐದು, ಆರು, ಏಳನೇ ಫ್ಲೊಕ್ಕುರ್‌ನ ಹುಡುಗಿಯರಿಗೇ ಮೀಸಲಾದ ಟೂರ್ನಿ ಇದು. ನಡೆಸುವವರು ಬ್ರೇಯ್ದಾಬ್ಲಿಕ್. ದೇಶದ ಮೂಲೆ ಮೂಲೆಯಿಂದ ಸಾವಿರಾರು ಹುಡುಗಿಯರು ಬಂದು, ಶಾಲೆಗಳ ಕ್ಲಾಸ್‌ರೂಮಿನಲ್ಲಿ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ.

ನಡೆಸುವವರು ಕ್ಲಬ್ಬಿನವರು ಅಂದರೆ ನೀವೇ. ಏಬ್ಲರ್‌ನಲ್ಲಿ ಪಾಳಿಯ ಪಟ್ಟಿ ಬರುತ್ತದೆ. ಪಟ್ಟಿ ಬಂದ ಹತ್ತು ನಿಮಿಷದೊಳಗೆ ಒಳ್ಳೆಯ ಪಾಳಿ ಖಾಲಿ. ಬೇಗ ಹೆಸರು ಕೊಟ್ಟರೆ ಮಧ್ಯಾಹ್ನ ಊಟ ಬಡಿಸುವ ಕೆಲಸ ಸಿಗುತ್ತದೆ, ಅದು ಚೆನ್ನಾಗಿರುತ್ತದೆ. ತಡ ಮಾಡಿದರೆ ರಾತ್ರಿ ಕಾವಲು. ನನಗೆ ಒಂದು ವರ್ಷ ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಶಾಲೆಯ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಪಾಳಿ. ಹೊರಗೆ ನಡುರಾತ್ರಿಯಲ್ಲೂ ಪೂರ್ತಿ ಕತ್ತಲಾಗಿರಲಿಲ್ಲ. ಮೂರು ಗಂಟೆಗೆ ಒಂಬತ್ತು ವರ್ಷದ ಒಂದು ಹುಡುಗಿ ಎದ್ದು ಬಂದು, ಅಮ್ಮ ಬೇಕು ಅಂತ ಅತ್ತಳು. ನನ್ನ ಹರಕು ಮುರುಕು ಭಾಷೆಯಲ್ಲಿ ಏನು ಹೇಳಿದೆನೋ, ಅರ್ಧ ಕನ್ನಡವೇ ಇತ್ತು. ಬೆನ್ನು ತಟ್ಟುತ್ತಾ ಕೂತೆ. ನಿದ್ದೆ ಹೋದಳು. ಬೆಳಗ್ಗೆ ಅವಳ ತಂಡ ನಮ್ಮ ಮಗಳ ತಂಡವನ್ನು 4-1ರಿಂದ ಹೊಡೆಯಿತು.

ಗೆರೆಯ ಪಕ್ಕ ನಿಂತಾಗ ಮಗುವಿಗೆ ಆಟ ಹೇಳಿಕೊಡಬೇಡಿ. ಕೋಚ್‌ಗಳಿಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಹೊಗಳಿ, ಸಾಕು. ನಾನು ತಡೆದುಕೊಳ್ಳಲಾಗದೆ ಒಂದು ಸಲ "ಓಡು, ಓಡೇ!" ಅಂತ ಕಿರುಚಿಬಿಟ್ಟೆ. ಕನ್ನಡ ತಾನೇ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಪಂದ್ಯ ಮುಗಿದ ಮೇಲೆ ಅವಳ ಗೆಳತಿಯರು ಸುತ್ತುವರಿದು "ಓಡು ಅಂದರೇನು?" ಅಂತ ಕೇಳಿದರು. ಹೇಳಿದೆ. ಮುಂದಿನ ಪಂದ್ಯದಲ್ಲಿ ಬೆಂಚಿನಲ್ಲಿ ಕೂತ ಮೂವರು ಹುಡುಗಿಯರು ಒಟ್ಟಿಗೆ "ಓದು! ಓದು!" ಅಂತ ಕೂಗಿದರು. ‘ಡ’ ಅವರ ನಾಲಿಗೆಗೆ ಬರಲಿಲ್ಲ. ನನ್ನ ಮಗಳು ಮೈದಾನದ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ಚೆಂಡು ಪಕ್ಕದಲ್ಲೇ ಹೋಯಿತು.

ಕೊನೆಯದಾಗಿ ದುಡ್ಡು ಕೂಡಿಸುವ ಕೆಲಸ. ಟೂರ್ನಿಗೆ ಬೇರೆ ಊರಿಗೆ ಹೋಗಲು ಖರ್ಚಾಗುತ್ತದೆ. ಅದನ್ನು ಮಕ್ಕಳೇ ದುಡಿಯಬೇಕು. ಹೇಗೆ ಅಂದರೆ, ನಗಬೇಡಿ, ಟಾಯ್ಲೆಟ್ ಪೇಪರ್ ಮಾರಿ. ಇದು ದೇಶದ ಎಲ್ಲ ಕ್ಲಬ್ಬಿನ ಪದ್ಧತಿ. ದೊಡ್ಡ ದೊಡ್ಡ ಮೂಟೆ ಮನೆಗೆ ಬರುತ್ತದೆ. ಮಕ್ಕಳು ನೆಂಟರಿಗೆ, ನೆರೆಯವರಿಗೆ, ಅಪ್ಪ ಅಮ್ಮನ ಆಫೀಸಿನವರಿಗೆ ಮಾರುತ್ತಾರೆ. ಇಲ್ಲಿಯವರಿಗೆ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ಅಂತ ಊರ ತುಂಬ ಗಿರಾಕಿಗಳು. ನಮಗೆ ಇಲ್ಲಿ ಯಾರಿದ್ದಾರೆ? ಹಾಗಾಗಿ ಆರ್ಡರ್ ಕೊಡುವಾಗ ಹುಷಾರು, ಮಗಳ ಉತ್ಸಾಹ ನೋಡಿ ಸಂಖ್ಯೆ ಬರೆಯಬೇಡಿ. ನಾವು ಬರೆದೆವು. ಬಾಗಿಲಿನಿಂದ ಅಡುಗೆಮನೆಯವರೆಗೆ ಗೋಡೆ ಕಟ್ಟಿದ ಹಾಗೆ ಜೋಡಿಸಿಟ್ಟು ಒಂದು ತಿಂಗಳು ಅಡ್ಡಡ್ಡ ನಡೆದೆವು.

ನೀವು ಊರಿಗೆ ಬಂದ ಕೂಡಲೇ ನನಗೆ ಫೋನ್ ಮಾಡಿ, ಫೀವಾನ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಟಾಯ್ಲೆಟ್ ಪೇಪರ್ ಮಾತ್ರ ಅಂಗಡಿಯಲ್ಲಿ ಕೊಳ್ಳಬೇಡಿ. ನಮ್ಮಲ್ಲಿ ಇನ್ನೂ ಎರಡು ಮೂಟೆ ಇದೆ.